ರೋಗಿಯ ಮಾತು ಮತ್ತು ದಾದಿಯ ಪ್ರಶ್ನೆ: ಬೆಳಗೊಳ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಚರಿತ್ರೆಯ ಅಧ್ಯಾಪಕರು ದಾದಿಯರ ಕೆಲಸವನ್ನು ಕುರಿತು ಬರೆಯುವುದು ಉಚಿತವೇ ಎಂದು ವಾಚಕರು ಕೇಳಬಹುದು. ವೈದ್ಯರು ರೋಗಿಯಿಂದ ಕೇಳಿ ಪಡೆಯುವ ವೃತ್ತಾಂತಕ್ಕೆ ರೋಗಚರಿತ್ರೆಯೆಂಬ ಹೆಸರಿರುವುದನ್ನು ನೆನೆದರೆ ಈ ಸಂದೇಹ ಅರ್ಧ ಪರಿಹಾರವಾದಂತೆಯೇ. ಇನ್ನೊಬ್ಬರು ಕಂಡು ಅನುಭವಿಸಿದುದನ್ನು ಅವರ ಬಾಯಿಂದ ಕೇಳಿ, ಅದರಿಂದ ನಡೆದ ಸಂಗತಿಯನ್ನು ಗೊತ್ತುಮಾಡುವುದು ಚರಿತ್ರಕಾರನಿಗೂ ದಾದಿಗೂ ಸಮಾನವಾದ ಕಾರ್ಯ. ಸಾಕ್ಷಿಯ ಬಾಯಲ್ಲಿ ನಮ್ಮ ಮಾತನ್ನು ನಾವೇ ಇಟ್ಟರೆ ಅದೇ ಮಾತು ನಮಗೆ ಹಿಂದಿರುಗಿ ಬರುತ್ತದೆಯೇ ಹೊರತು ಸತ್ಯ ಬರುವುದಿಲ್ಲ. ಚರಿತ್ರಕಾರನು ಇಲ್ಲಿ ಎಡವಿದರೆ ಒಂದು ಗ್ರಂಥ ಕೆಡುತ್ತದೆ. ದಾದಿ ಎಡವಿದರೆ ಒಂದು ಜೀವವೇ ಹೋಗಬಹುದು. ಆದಕಾರಣ ರೋಗಿಯನ್ನು ಕೇಂದ್ರದಲ್ಲಿಟ್ಟು ನಡೆಸುವ ಸಂದರ್ಶನವೆಂದರೇನು, ಅದು ನಮ್ಮ ಹಳ್ಳಿಗಾಡಿಗೆ ಹೇಗೆ ಹೊಂದುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ. ಉದಾಹರಣೆಗೆ ಬೆಳಗೊಳ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಇದು ಶ್ರವಣಬೆಳಗೊಳವಲ್ಲ, ಮೈಸೂರಿಗೂ ಕೃಷ್ಣರಾಜಸಾಗರಕ್ಕೂ ನಡುವೆ, ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿರುವ ಹೋಬಳಿಯ ಊರು.

೧

ಔಷಧಿ ಕೊಡುವ, ರೋಗವನ್ನು ಗುರುತಿಸುವ ಅಧಿಕಾರವನ್ನು ಕೆಲಮಟ್ಟಿಗೆ ಪಡೆದ ದಾದಿಗೆ ನರ್ಸ್ ಪ್ರಾಕ್ಟೀಷನರ್ ಎಂದು ಹೆಸರು. ಈ ಪದವಿಯ ಶಿಕ್ಷಣ ಮೊದಲಾದುದು ೧೯೬೫ರಲ್ಲಿ, ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಅದನ್ನು ಕೂಡಿ ಆರಂಭಿಸಿದರು. ಭಾರತದಲ್ಲಿ ತೀವ್ರನಿಗಾ ವಿಭಾಗದ ದಾದಿಯರಿಗಾಗಿ ಇಂಥ ಸ್ನಾತಕೋತ್ತರ ಶಿಕ್ಷಣವನ್ನು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದುದು ೨೦೧೬ರ ಸುಮಾರಿನಲ್ಲಿ. ೨೦೧೮ರಲ್ಲಿ ಸೂಲಗಿತ್ತಿ ಸೇವೆಗೆ ಸಂಬಂಧಿಸಿದ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೊರಬಂದಿತು. ಹಳ್ಳಿಯ ಮಟ್ಟದಲ್ಲಿ ಇದಕ್ಕೆ ಹತ್ತಿರವಾದ ಹುದ್ದೆಯೆಂದರೆ ಸಮುದಾಯ ಆರೋಗ್ಯಾಧಿಕಾರಿಯದು. ಆಯುಷ್ಮಾನ್ ಭಾರತ ಯೋಜನೆಯಂತೆ ೨೦೧೮ರಿಂದೀಚೆಗೆ ಉಪಕೇಂದ್ರಗಳಿಗೆ ನೇಮಕವಾದ ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಪದವೀಧರರು. ಮೂವತ್ತು ವರ್ಷ ಮೀರಿದವರ ರಕ್ತದೊತ್ತಡ, ಸಕ್ಕರೆಕಾಯಿಲೆಗಳನ್ನು ತಪಾಸಣೆ ಮಾಡುವ ಹೊಣೆಯೂ ಇವರದೇ. ವೈದ್ಯರು ಇರುವುದು ದೂರದಲ್ಲಿ. ರೋಗಿಯ ಮೊದಲ ಮಾತು ಬೀಳುವುದು ಇವರ ಕಿವಿಗೆ.

೨

ಆ ಮೊದಲ ಮಾತಿಗೆ ಎಷ್ಟು ಅವಕಾಶ ದೊರೆಯುತ್ತದೆ? ೧೯೮೪ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಅಮೆರಿಕದ ಸಂಶೋಧಕರಿಬ್ಬರು ವೈದ್ಯರ ೭೪ ಭೇಟಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ೧೭ರಲ್ಲಿ ಮಾತ್ರ ರೋಗಿ ತನ್ನ ಮೊದಲ ಹೇಳಿಕೆಯನ್ನು ಪೂರ್ತಿಗೊಳಿಸಿದ್ದನು. ಉಳಿದವುಗಳಲ್ಲಿ ಬಹುಪಾಲು ಕಡೆ ಸರಾಸರಿ ೧೮ ಸೆಕೆಂಡುಗಳಲ್ಲಿ ವೈದ್ಯರು ಅಡ್ಡಬಂದಿದ್ದರು. ವಿದ್ಯಾವಂತರ ದೇಶದ ಗತಿಯೇ ಹೀಗಾದರೆ, ಸರದಿಯಲ್ಲಿ ನಿಂತ ಹತ್ತು ಜನ ಮೇಜಿನ ಸುತ್ತ ಕವಿದಿರುವ ನಮ್ಮ ಆಸ್ಪತ್ರೆಗಳ ಸ್ಥಿತಿಯನ್ನು ವಾಚಕರೇ ಊಹಿಸಬಹುದು.

ಈ ದೋಷವನ್ನು ತಿದ್ದುವ ವಿಚಾರ ಬೆಳೆದುಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ: ೧೯೫೨ರಲ್ಲಿ ಹಿಲ್ಡೆಗಾರ್ಡ್ ಪೆಪ್ಲೌ ಎಂಬ ದಾದಿ, ಶುಶ್ರೂಷೆಯ ತಿರುಳು ದಾದಿಗೂ ರೋಗಿಗೂ ಬೆಳೆಯುವ ಸಂಬಂಧದಲ್ಲಿದೆಯೆಂದು ಪ್ರತಿಪಾದಿಸಿದರು. ೧೯೫೭ರಲ್ಲಿ ಮೈಕೆಲ್ ಬಾಲಿಂಟ್ ವೈದ್ಯನ ನಡೆನುಡಿಯೇ ಒಂದು ಔಷಧವೆಂದು ತೋರಿಸಿದರು. ೧೯೭೭ರಲ್ಲಿ ಜಾರ್ಜ್ ಎಂಗೆಲ್ ದೇಹ, ಮನಸ್ಸು, ಸಮಾಜ ಈ ಮೂರನ್ನೂ ಕೂಡಿಸಿ ರೋಗವನ್ನು ನೋಡಬೇಕೆಂದರು. ಮರುವರ್ಷ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು, ತನ್ನ ರೋಗಕ್ಕೆ ರೋಗಿಯೇ ಕೊಟ್ಟುಕೊಂಡಿರುವ ವಿವರಣೆಯನ್ನು ಕೇಳಿ ತಿಳಿಯುವುದು ಚಿಕಿತ್ಸೆಯ ಒಂದು ಅಂಗವೆಂದು ವಾದಿಸಿದರು.

೩

ಹೊಸದೆಂದು ತೋರುವ ಈ ವಿಚಾರಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲಿಯೇ ದೃಷ್ಟಾಂತಗಳುಂಟು. ಮೊದಲನೆಯದು ಸಿಡುಬಿನದು. ಈ ರೋಗವನ್ನು ಜನ 'ಅಮ್ಮ' ಎಂದು ಕರೆಯುತ್ತಿದ್ದರು. ದೇವಿಯೇ ಮೈಮೇಲೆ ಬಂದಿರುವಾಗ ಆಕೆಯನ್ನು ಸೂಜಿಯಿಂದ ತಡೆಯುವುದು ಅವರ ದೃಷ್ಟಿಯಲ್ಲಿ ಅಪಚಾರ. ಹೀಗಿದ್ದರೂ ೧೮೦೩-೦೪ರಲ್ಲಿ, ಶ್ರೀರಂಗಪಟ್ಟಣದ ಕಡೆ ಕ್ರೈಸ್ತ ಪಾದ್ರಿಯಾಗಿದ್ದ ಆಬೆ ದ್ಯುಬುವಾ ಲಸಿಕೆಯ ಪ್ರಚಾರ ಕೈಗೊಂಡಾಗ ಕೆಲವೇ ತಿಂಗಳುಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಜನ ಲಸಿಕೆ ಹಾಕಿಸಿಕೊಂಡರೆಂದು ದಾಖಲೆಯಾಗಿದೆ. ದ್ಯುಬುವಾ ಜನರ ಭಾಷೆಯನ್ನು ಬಲ್ಲವರು. ಅವರಂತೆ ಉಟ್ಟು, ಅವರ ನಡುವೆ ಬಾಳಿದವರು. ೧೮೦೫ರ ಸುಮಾರಿಗೆ ತಾಮಸ್ ಹಿಕಿ ಬರೆದನೆನ್ನಲಾದ ಮೈಸೂರು ರಾಣಿಯರ ಚಿತ್ರವೊಂದು ಲಸಿಕೆಯ ಪ್ರಚಾರಕ್ಕೆ ಸಂಬಂಧಪಟ್ಟುದೆಂದು ಈಚಿನ ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ನಂಬಿಕೆಯನ್ನು ಹಳಿಯುವುದಕ್ಕಿಂತ ನಂಬುವವರ ವಿಶ್ವಾಸವನ್ನು ಸಂಪಾದಿಸುವುದು ಫಲಕಾರಿಯೆಂಬುದು ಇದರಿಂದ ಸ್ಪಷ್ಟ.

ಎರಡನೆಯದು ಮಲೇರಿಯಾ. ೧೯೩೦ರ ಸುಮಾರಿನಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಚಳಿಜ್ವರದ ಸಂಶೋಧನೆ ನಡೆಸಿತು; ಅದರ ಕೇಂದ್ರಗಳಲ್ಲೊಂದು ನಾಗೇನಹಳ್ಳಿಯಲ್ಲಿತ್ತು. ಊರಿನ ಮಕ್ಕಳ ಹೊಟ್ಟೆಯನ್ನು ಮುಟ್ಟಿನೋಡಿ, ಎಷ್ಟು ಮಂದಿಗೆ ಗುಲ್ಮ ಊದಿಕೊಂಡಿದೆಯೆಂದು ಎಣಿಸಿ ರೋಗದ ಪ್ರಮಾಣವನ್ನು ಅಳೆಯುವುದು ಅಂದಿನ ವಿಧಾನ. ಅಲ್ಲಿ ಕೈಯೇ ಪ್ರಶ್ನೆ, ದೇಹವೇ ಉತ್ತರ. ಮಗು ಬಾಯಿ ತೆರೆಯಬೇಕಾಗಿರಲಿಲ್ಲ. ಅದು ಆ ರೋಗಕ್ಕೆ ಸಾಕಾಯಿತು. ಆದರೆ ಇಂದು ಹಳ್ಳಿಯನ್ನು ಕಾಡುತ್ತಿರುವ ಸಕ್ಕರೆಕಾಯಿಲೆ, ರಕ್ತದೊತ್ತಡ, ಕುಡಿತ, ಮನೋವ್ಯಥೆಗಳು ಕೈಗೆ ಸಿಕ್ಕುವ ಗಡ್ಡೆಗಳಲ್ಲ. ಉಪಕರಣ ಅಂಕಿಯನ್ನು ತೋರಿಸಬಲ್ಲದು. ಆ ಅಂಕಿ ಏಕೆ ಇಳಿಯದೆಂಬುದನ್ನು ರೋಗಿಯೇ ಹೇಳಬೇಕು.

ಮೂರನೆಯದು ಎಲ್ಲಕ್ಕಿಂತ ಬೋಧಪ್ರದವಾದುದು. ೧೯೫೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಡಾ|| ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ, ದೆಹಲಿಯ ಲೋದಿ ಕಾಲೊನಿಯಲ್ಲೂ ನಮ್ಮ ರಾಮನಗರದಲ್ಲೂ ಕುಟುಂಬಯೋಜನೆಯ ಪ್ರಯೋಗ ನಡೆಯಿತು. ಋತುಚಕ್ರದ ದಿನಗಳನ್ನು ಎಣಿಸಲು ಹೆಂಗಸರಿಗೆ ಮಣಿಸರವನ್ನು ಕೊಡಲಾಯಿತು. ಕೆಂಪುಮಣಿ ಗರ್ಭ ನಿಲ್ಲುವ ದಿನಕ್ಕೆ, ಹಸುರುಮಣಿ ನಿಲ್ಲದ ದಿನಕ್ಕೆ ಗುರುತು. ಉಪಾಯ ಜಾಣತನದ್ದೇ. ಆದರೆ ಕತ್ತಲಲ್ಲಿ ಕೆಂಪು ಯಾವುದು, ಹಸುರು ಯಾವುದು ತಿಳಿಯದು ಎಂಬ ತೊಡಕು ಬಂದು ಮಣಿಗಳ ಆಕಾರವನ್ನೇ ಬೇರೆಮಾಡಬೇಕಾಯಿತು. ಮಣಿಯನ್ನು ಸರಿಸಿದರೆ ಸಾಕು, ಅದೇ ರಕ್ಷೆಯೆಂದು ಭಾವಿಸಿದವರೂ ಇದ್ದರೆಂದು ವರದಿಯಾಯಿತು. ಕಲಿಯಲು ಇಷ್ಟವೆಂದು ಹೇಳಿದವರು ಬಹುಮಂದಿ; ಅನುಸರಿಸಿಕೊಂಡು ಬಂದವರು ಕೆಲವರು. ನಮಗೆ ತೋರುವಂತೆ ಇಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳೆರಡು. 'ಇದನ್ನು ನಿಮ್ಮ ಮನೆಯಲ್ಲಿ ಯಾವಾಗ, ಹೇಗೆ ಉಪಯೋಗಿಸುತ್ತೀರಿ?' ಎಂಬುದೊಂದು, 'ನಾನು ಹೇಳಿದುದನ್ನು ನೀವು ಹೇಗೆ ಅರಿತುಕೊಂಡಿರಿ, ಹೇಳಿ ನೋಡೋಣ' ಎಂಬುದು ಮತ್ತೊಂದು. ಇಂದಿನ ಸಂದರ್ಶನಶಾಸ್ತ್ರ ಈ ಎರಡನ್ನೂ ಕಡ್ಡಾಯವೆಂದೇ ಎಣಿಸುತ್ತದೆ. ಹಳ್ಳಿಯಲ್ಲಿ 'ಹೂಂ' ಎಂದರೆ 'ಕೇಳಿಸಿತು' ಎಂದು ಅರ್ಥ. 'ಒಪ್ಪಿದೆ' ಎಂದೂ ಅಲ್ಲ, 'ತಿಳಿಯಿತು' ಎಂದೂ ಅಲ್ಲ.

೪

ಈಗ ವಿಧಾನವನ್ನು ನೋಡೋಣ. ಒಂದು ಕಲ್ಪಿತ ಸಂಭಾಷಣೆಯಿಂದ ವಿಷಯ ವಿಶದವಾದೀತು. ನಲವತ್ತರ ಹೆಂಗಸೊಬ್ಬಳು ಬಂದು, "ಏನಿಲ್ಲ ಕಣಮ್ಮ, ವಸಿ ಸುಸ್ತು" ಎನ್ನುತ್ತಾಳೆ. "ಜ್ವರ ಉಂಟೆ?", "ಕೆಮ್ಮು ಉಂಟೆ?" ಎಂದು ದಾದಿ ಕೇಳಿದರೆ "ಇಲ್ಲ", "ಇಲ್ಲ" ಎಂಬ ಉತ್ತರ ಬಂದು, ಶಕ್ತಿಯ ಮಾತ್ರೆಯಲ್ಲಿ ಭೇಟಿ ಮುಗಿಯುತ್ತದೆ. ಅದರ ಬದಲು, "ಸುಸ್ತು ಅಂದರೆ ಹೇಗಾಗ್ತದೆ ಅಕ್ಕ, ಬಿಡಿಸಿ ಹೇಳಿ" ಎಂದು ಕೇಳಿ, ಪೆನ್ನನ್ನು ಕೆಳಗಿಟ್ಟು ಸುಮ್ಮನಿದ್ದರೆ? ಸ್ವಲ್ಪ ಹೊತ್ತಿನ ಮೇಲೆ, "ನಾಟಿ ಹಾಕ್ವಾಗ ಕಣ್ಣು ಕತ್ಲೆ ಬತ್ತದೆ" ಎಂಬ ಮಾತು ಬರುತ್ತದೆ. ಇನ್ನೂ ಕಾದರೆ, "ಮುಟ್ಟಾದ್ರೆ ಹತ್ತು ದಿನ ಆದ್ರೂ ನಿಲ್ಲಕ್ಕಿಲ್ಲ. ಯಾರ್ ತಾವ ಹೇಳದು?" ಎಂಬ ಮಾತೂ ಬರುತ್ತದೆ. ರೋಗವಿದ್ದುದು ಆ ಕಡೆಯ ಮಾತಿನಲ್ಲಿ. ರಕ್ತಹೀನತೆಯೂ, ಅದರ ಹಿಂದಿರಬಹುದಾದ ಗರ್ಭಕೋಶದ ವ್ಯಾಧಿಯೂ ಮೌನದ ಬಲದಿಂದ ಬೆಳಕಿಗೆ ಬಂದುವು.

ಇದರಿಂದ ಕೆಲವು ಸೂತ್ರಗಳು ಹೊರಡುತ್ತವೆ. ಮೊದಲು 'ಹೌದು', 'ಇಲ್ಲ' ಎಂದು ಮುಗಿಯದ ಪ್ರಶ್ನೆಯನ್ನು ಕೇಳಬೇಕು. ಖಚಿತವಾದ ಸಣ್ಣ ಪ್ರಶ್ನೆಗಳು ಅನಂತರ. ಸಂಬೋಧನೆ ವಯಸ್ಸಿಗೆ ತಕ್ಕಂತೆ ಅವ್ವ, ಅಕ್ಕ, ಅಣ್ಣ, ತಾತ ಎಂದಿರಬೇಕು. ವಯಸ್ಸಾದವರನ್ನು ಏಕವಚನದಲ್ಲಿ ಮಾತಾಡಿಸಿದ ಮೇಲೆ ಸತ್ಯವನ್ನು ಅಪೇಕ್ಷಿಸುವುದು ವ್ಯರ್ಥ. 'ಇನ್ನೇನಾದರೂ ಉಂಟೆ?' ಎಂದು ಕೇಳದೆ ಭೇಟಿಯನ್ನು ಮುಗಿಸಬಾರದು. ಬಹುವೇಳೆ ಮುಖ್ಯ ವಿಷಯ ಬರುವುದು ಎದ್ದು ಹೊರಡುವಾಗ. ಕೇಳಿದುದನ್ನು ದಾದಿ ಎರಡು ಮಾತಿನಲ್ಲಿ ಒಮ್ಮೆ ಹೇಳಿ, 'ಸರಿಯೇ?' ಎಂದು ಒಪ್ಪಿಗೆ ಪಡೆಯಬೇಕು. ಕಡೆಯಲ್ಲಿ ತಾನು ಕೊಟ್ಟ ಸಲಹೆಯನ್ನು ರೋಗಿಯ ಬಾಯಿಂದಲೇ ಹೇಳಿಸಬೇಕು.

ಪದಗಳ ಅರಿವೂ ಅಗತ್ಯ. 'ನಂಜು' ಎಂದರೆ ಈ ಸೀಮೆಯವರಿಗೆ ವಿಷವೆಂದಷ್ಟೇ ಅರ್ಥವಲ್ಲ. ಗಾಯ ಮಾಯದಿರುವುದಕ್ಕೂ, ಅದನ್ನು ಕೆಣಕುವ ಆಹಾರಕ್ಕೂ ಅದೇ ಮಾತು. ಮಾಯದ ಗಾಯವನ್ನು ನಂಜೆಂದು ಭಾವಿಸಿ ಪಥ್ಯ ಮಾಡುತ್ತಿರುವವನಿಗೆ ಸಕ್ಕರೆಕಾಯಿಲೆ ಇರಬಹುದು. ಅವನು ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವನಾದರೆ ಕಾಲನ್ನೇ ಕಳೆದುಕೊಂಡಾನು. 'ಅನ್ನ ಬಿಟ್ಟು ಮುದ್ದೆ ಉಣ್ಣುತ್ತಿದ್ದೇನೆ' ಎಂದವನನ್ನು ಮುದ್ದೆ ಎಷ್ಟು ದಪ್ಪ, ಹೊತ್ತಿಗೆ ಎಷ್ಟು ಎಂದು ಕೇಳಬೇಕು. ರಾಗಿಯೂ ಮಿತಿ ಮೀರಿದರೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ದಪ್ಪ ಬೆಳೆದು ಹೆರಿಗೆ ಕಷ್ಟವಾಗುತ್ತದೆ ಎಂಬ ಅಂಜಿಕೆಯುಳ್ಳ ಬಸುರಿ ಮಾತ್ರೆಯನ್ನು ಪಡೆದು ಮನೆಯ ಗೂಡಿನಲ್ಲಿಡುತ್ತಾಳೆ. 'ನುಂಗಿದೆಯಾ?' ಎಂದರೆ 'ಹೂಂ' ಎನ್ನುತ್ತಾಳೆ. 'ಮಾತ್ರೆ ತಕ್ಕೊಂಡರೆ ಏನಾಗ್ತದೆ ಅಂತ ಮನೇಲಿ ಅಂತಾರೆ?' ಎಂದು ಕೇಳಿದರೆ ಮಾತ್ರ ಅಂಜಿಕೆ ಹೊರಬೀಳುತ್ತದೆ.

೫

ಎಲ್ಲಕ್ಕಿಂತ ಕಠಿನವಾದುದು ಏಕಾಂತವನ್ನು ದೊರಕಿಸುವುದು. ಸೊಸೆಯ ಪರವಾಗಿ ಅತ್ತೆ ಉತ್ತರ ಹೇಳುವುದು ವಾಡಿಕೆ. ಅತ್ತೆಯನ್ನು ಹೊರಗೆ ಕಳುಹಿಸಿದರೆ ಅವಮಾನ. ಇಟ್ಟುಕೊಂಡರೆ ಸೊಸೆ ಮೂಕಿ. ಜಾಣೆಯಾದ ದಾದಿ ಅತ್ತೆಯ ಮಾತನ್ನು ಮೊದಲು ಗೌರವದಿಂದ ಕೇಳಿ, ತೂಕ ನೋಡುವ ನೆವದಲ್ಲಿ ಸೊಸೆಯನ್ನು ಒಳಕ್ಕೆ ಕರೆಯುತ್ತಾಳೆ. ತುಂಬುಗರ್ಭಿಣಿಗೆ ಬಿಡದ ತಲೆನೋವು, ಕಣ್ಣು ಮಂಜು, ಮುಖದ ಊತ ಕಂಡರೆ ಅದು ನಂಜು ಏರುವ ಮುನ್ಸೂಚನೆ. ಆಕೆಯನ್ನು ಆ ದಿನವೇ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಬೆಳಗೊಳದಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆ ದೂರವಲ್ಲ. ದೂರವಿರುವುದು ಸೊಸೆಯ ಬಾಯಿಗೂ ದಾದಿಯ ಕಿವಿಗೂ ನಡುವಣ ದಾರಿ.

ಇದಕ್ಕಿಂತಲೂ ಗಂಭೀರವಾದ ಸಂದರ್ಭವೊಂದುಂಟು. ೧೯೯೪ರ ಕಾಯಿದೆ ಭ್ರೂಣಲಿಂಗಪತ್ತೆಯನ್ನು ನಿಷೇಧಿಸಿದ್ದರೂ, ಮಂಡ್ಯ ಜಿಲ್ಲೆಯ ಆಲೆಮನೆಯೊಂದು ಈ ಕಾರ್ಯಕ್ಕೆ ಬಳಕೆಯಾಗುತ್ತಿದ್ದುದು ೨೦೨೩ರ ಕೊನೆಯಲ್ಲಿ ಪೊಲೀಸರ ತನಿಖೆಯಿಂದ ಬಯಲಾಯಿತು. ಎರಡು ಹೆಣ್ಣುಮಕ್ಕಳ ತಾಯಿ ಮೂರನೆಯ ಸಲ ಬಸುರಿಯಾಗಿ ಬಂದಾಗ ಆಕೆಯ ಮನೆಯಲ್ಲಿ ಏನು ಮಾತು ನಡೆಯುತ್ತಿದೆಯೆಂದು ಮೊದಲು ತಿಳಿಯಬಲ್ಲವಳು ದಾದಿಯೇ. ಆದರೆ 'ಸ್ಕ್ಯಾನ್ ಮಾಡಿಸಿದೆಯಾ?' ಎಂದು ಗದರಿಸಿದರೆ ಆಕೆ ಮತ್ತೆ ಬರುವುದಿಲ್ಲ. 'ಮನೇಲಿ ಏನಂತಾರಕ್ಕ? ನಿಮಗೆ ಯಾರಾದರೂ ಒತ್ತಾಯ ಮಾಡ್ತಾರಾ?' ಎಂದು ಏಕಾಂತದಲ್ಲಿ ಕೇಳಿದರೆ ಒಂದು ಹೆಣ್ಣುಕೂಸೂ, ಆಕೆಯ ಪ್ರಾಣವೂ ಉಳಿಯುವ ಸಂಭವವುಂಟು. ಕಾನೂನಿನ ಕೆಲಸ ಅಪರಾಧ ನಡೆದ ಮೇಲೆ. ಪ್ರಶ್ನೆಯ ಕೆಲಸ ಅದಕ್ಕೆ ಮುಂಚೆ.

ಇಷ್ಟನ್ನೆಲ್ಲ ಮಾಡಲು ಸಮಯವೆಲ್ಲಿದೆಯೆಂಬ ಆಕ್ಷೇಪ ನ್ಯಾಯವಾದುದೇ. ತುಂಬಬೇಕಾದ ದಾಖಲೆಗಳು ಹತ್ತಾರು, ಕಾದುನಿಂತ ರೋಗಿಗಳು ನೂರಾರು. ನಯವಾದ ಮಾತು ಔಷಧಿಯ ಕೊರತೆಯನ್ನು ತುಂಬಲಾರದೆಂಬುದೂ ನಿಜ. ಆದರೆ ಎರಡು ನಿಮಿಷ ಕೇಳದೆ ಕಳುಹಿಸಿದ ರೋಗಿ ಅದೇ ದೂರಿನಿಂದ ಮೂರು ಸಲ ಬರುತ್ತಾನೆ, ಇಲ್ಲವೇ ಬರುವುದನ್ನೇ ಬಿಡುತ್ತಾನೆ. ದಾದಿಯರ ಶಿಕ್ಷಣದಲ್ಲಿ ನಾಡಿಯ ಪಾಠದಷ್ಟೇ ನುಡಿಯ ಪಾಠಕ್ಕೂ ಸ್ಥಾನವಿರಬೇಕು. ಹೊರಜಿಲ್ಲೆಗಳಿಂದ ಬಂದವರಿಗೆ ಆಯಾ ಸೀಮೆಯ ರೋಗಪದಗಳ ಕೈಪಿಡಿಯೊಂದು ದೊರೆಯಬೇಕು. ಪ್ರತಿ ಉಪಕೇಂದ್ರದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೊಠಡಿ ಇರಬೇಕು. ಆ ಕೈಪಿಡಿಯನ್ನು ಸಿದ್ಧಪಡಿಸುವುದು ವೈದ್ಯಶಾಲೆಯೊಂದರಿಂದಲೇ ಆಗತಕ್ಕ ಕೆಲಸವಲ್ಲ. ಕನ್ನಡ, ಚರಿತ್ರೆ, ಸಮಾಜಶಾಸ್ತ್ರ ವಿಭಾಗಗಳ ವಿದ್ಯಾರ್ಥಿಗಳು ಹೋಬಳಿಗೊಬ್ಬರಂತೆ ಹೊರಟು ಪದಗಳನ್ನು ಸಂಗ್ರಹಿಸುವುದಾದರೆ ಈ ಕಾರ್ಯ ಬೆಳಗೊಳದಿಂದಲೇ ಆರಂಭವಾಗಬಹುದು.