ಕಥಾವಸ್ತುವಿಗೆ ಒಡೆಯನುಂಟೆ?

ಒಬ್ಬರ ಕಥೆಯನ್ನು ಮತ್ತೊಬ್ಬರು ಚಲಚ್ಚಿತ್ರವಾಗಿಸಿದರೆಂಬ ದೂರು ನ್ಯಾಯಾಲಯಕ್ಕೆ ಬಂದಾಗ ಮೊದಲು ಏಳುವ ಪ್ರಶ್ನೆ, ಅಪಹೃತವಾದುದು ಯಾವುದು ಎಂಬುದು: ಕಲ್ಪನೆಯೇ, ಅದಕ್ಕೆ ಕರ್ತೃ ಕೊಟ್ಟ ರೂಪವೇ? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಇಂದಿಗೂ ಆಧಾರವಾಗಿರುವುದು ೧೯೭೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಒಂದು ತೀರ್ಪು.

ಆರ್. ಜಿ. ಆನಂದರು ದಿಲ್ಲಿಯ ವಾಸ್ತುಶಿಲ್ಪಿ, ನಾಟಕಕಾರರು. ಅವರು ೧೯೫೩ರಲ್ಲಿ ರಚಿಸಿದ ‘ಹಮ್ ಹಿಂದೂಸ್ತಾನಿ’ ಎಂಬ ನಾಟಕ ಮರುವರ್ಷ ದಿಲ್ಲಿಯ ರಂಗವನ್ನೇರಿತು. ಪಂಜಾಬಿ ಮನೆತನದ ಯುವಕನಿಗೂ ಮದರಾಸಿ ಮನೆತನದ ಯುವತಿಗೂ ಪ್ರೇಮ; ಹಿರಿಯರ ಪ್ರಾಂತಾಭಿಮಾನವೇ ಅದಕ್ಕೆ ಅಡ್ಡಿ. ಉತ್ತರದವರ ಬಾಯಲ್ಲಿ ಕನ್ನಡಿಗರೂ ‘ಮದರಾಸಿ’ಗಳೇ ಆಗಿದ್ದ ಆ ದಿನಗಳಲ್ಲಿ ಈ ವಸ್ತು ಜನಮನಕ್ಕೆ ಹತ್ತಿರವಾದುದು. ೧೯೫೫ರ ಜನವರಿಯಲ್ಲಿ ನಿರ್ದೇಶಕ ಮೋಹನ್ ಸೆಹಗಲ್ ಅವರು ದಿಲ್ಲಿಗೆ ಬಂದು ನಾಟಕವನ್ನು ಆದ್ಯಂತವಾಗಿ ಕೇಳಿದರು. ೧೯೫೬ರಲ್ಲಿ ಅವರ ‘ನ್ಯೂ ದಿಲ್ಲಿ’ ತೆರೆಗೆ ಬಂದಿತು. ಅಲ್ಲಿಯೂ ಪಂಜಾಬಿ ತರುಣ, ದಕ್ಷಿಣದ ತರುಣಿ, ಅದೇ ಅಡ್ಡಿ! ನಾಟಕವು ಪೂರ್ಣಪ್ರಮಾಣದ ಚಿತ್ರಕ್ಕೆ ಸಾಲದೆಂದು ತಾವು ಆಗಲೇ ತಿಳಿಸಿದ್ದೆವೆಂಬುದು ಪ್ರತಿವಾದಿಗಳ ಉತ್ತರ.

ಕೆಳಗಿನ ನ್ಯಾಯಾಲಯದಲ್ಲಿಯೂ ದಿಲ್ಲಿಯ ಉಚ್ಚ ನ್ಯಾಯಾಲಯದಲ್ಲಿಯೂ ಆನಂದರು ಸೋತರು. ಸರ್ವೋಚ್ಚ ನ್ಯಾಯಾಲಯವೂ ಅವರ ಮನವಿಯನ್ನು ತಳ್ಳಿಹಾಕಿತು. ಕಲ್ಪನೆ, ವಸ್ತು, ಚಾರಿತ್ರಿಕ ಸಂಗತಿಗಳಿಗೆ ಕೃತಿಸ್ವಾಮ್ಯವಿಲ್ಲ. ಅವುಗಳ ರೂಪ, ಜೋಡಣೆ, ನಿರೂಪಣೆಗಳಿಗೆ ಮಾತ್ರ ಉಂಟು. ಎರಡನ್ನೂ ಕಂಡ ಪ್ರೇಕ್ಷಕನಿಗೆ ಎರಡನೆಯದು ಮೊದಲನೆಯದರ ಪ್ರತಿಯೆಂದು ನಿಸ್ಸಂದೇಹವಾಗಿ ತೋರಬೇಕು. ಚಿತ್ರದಲ್ಲಿ ಮನೆ ಬಾಡಿಗೆಗೆ ಕೊಡುವವರ ಪ್ರಾಂತಭೇದವೂ ವರದಕ್ಷಿಣೆಯ ಪಿಡುಗೂ ಹೊಸದಾಗಿ ಸೇರಿದ್ದವು. ವ್ಯಾಜ್ಯ ನಡೆದುದು ಹಳೆಯ ಕಾಯಿದೆಯ ಮೇರೆಗೆ. ಆದರೂ ಅದರ ತತ್ತ್ವವು ೧೯೫೭ರ ಕಾಯಿದೆಗೂ ಅನ್ವಯಿಸುತ್ತ ಬಂದಿದೆ.

ನಮ್ಮ ಅಲಂಕಾರಶಾಸ್ತ್ರಕ್ಕೆ ಈ ವಿವೇಚನೆ ಹೊಸದಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನನು ಕವಿಗಳ ನಡುವಣ ಸಂವಾದವನ್ನು ಮೂರು ಬಗೆಯಾಗಿ ವಿಂಗಡಿಸಿದನು: ಕನ್ನಡಿಯ ಬಿಂಬದಂತಹುದು, ಚಿತ್ರದಂತಹುದು, ಇಬ್ಬರು ಮನುಷ್ಯರ ದೇಹಸಾಮ್ಯದಂತಹುದು. ಮೊದಲೆರಡು ತ್ಯಾಜ್ಯ. ಮೂರನೆಯದು ಗ್ರಾಹ್ಯ, ಹೋಲಿಕೆಯಿದ್ದರೂ ಅಲ್ಲಿ ಪ್ರಾಣ ಬೇರೆ. ಈ ಅವಕಾಶವಿಲ್ಲದಿದ್ದರೆ ವ್ಯಾಸಭಾರತದ ತರುವಾಯ ಪಂಪನಿಗೂ ರನ್ನನಿಗೂ ಎಡೆಯೆಲ್ಲಿ?

ಆದರೆ ತೀರ್ಪಿನಲ್ಲಿಯೇ ಒಂದು ಅಳುಕಿನ ದನಿಯುಂಟು. ಪೀಠದಲ್ಲಿದ್ದ ನ್ಯಾಯಮೂರ್ತಿ ಪಾಠಕ್ ಅವರು, ಚಿತ್ರಕಥೆಯನ್ನು ಬರೆದವರಿಗೆ ನಾಟಕದ ಪರಿಚಯವಿತ್ತೆಂಬುದರಲ್ಲಿ ಸಂದೇಹವಿಲ್ಲವೆಂದರು. ಪರರ ಶ್ರಮವನ್ನು ಬಳಸುವವನು ತನ್ನ ಕೃತಿಯ ಹರವನ್ನು ಹಿಗ್ಗಿಸಿ, ಅಲ್ಲಲ್ಲಿ ಬದಲಿಸಿ, ಚೌರ್ಯವನ್ನು ಮರೆಮಾಚಬಲ್ಲನೆಂದೂ ಎಚ್ಚರಿಸಿದರು. ಸಂಗತಿಗಳ ಮರುವಿಮರ್ಶೆಗೆ ಆಸ್ಪದವಿದ್ದಿದ್ದರೆ ತಮ್ಮ ಅಭಿಪ್ರಾಯ ಬೇರೆಯಾಗುತ್ತಿತ್ತೋ ಏನೋ ಎಂಬುದು ಅವರ ಮಾತಿನ ಇಂಗಿತ. ಎರಡು ನ್ಯಾಯಾಲಯಗಳ ಏಕಾಭಿಪ್ರಾಯ ಅವರ ಕೈಕಟ್ಟಿತು.

ಈ ಕೊರತೆಯನ್ನು ಕೆಲಮಟ್ಟಿಗೆ ತುಂಬುವುದು ವಿಶ್ವಾಸಭಂಗದ ನ್ಯಾಯ. ೨೦೦೩ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಧಾರಾವಾಹಿಯೊಂದರ ಕಲ್ಪನೆಯನ್ನು ನಂಬಿಕೆಯಿಂದ ಒಪ್ಪಿಸಿದ್ದ ಸನ್‌ಡಯಲ್ ಸಂಸ್ಥೆಯ ಪರವಾಗಿ ಜೀ ಟೆಲಿಫಿಲ್ಮ್ಸ್ ವಿರುದ್ಧದ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಇಲ್ಲಿ ಪ್ರಶ್ನೆ ಕಲ್ಪನೆ ಯಾರ ಸೊತ್ತೆಂಬುದಷ್ಟೇ ಅಲ್ಲ, ಅದನ್ನು ಯಾವ ನಂಬಿಕೆಯ ಮೇಲೆ ಹೇಳಲಾಯಿತು ಎಂಬುದು. ಆದುದರಿಂದ ಲೇಖಕನು ಕಥೆಯನ್ನು ಬರಿಯ ಬಾಯಿಮಾತಿನಲ್ಲಿ ಹೇಳದೆ, ವಿವರವಾಗಿ ಬರೆದು, ದಿನಾಂಕ ಹಾಕಿ, ಗೋಪ್ಯವೆಂದು ಸೂಚಿಸಿ ಒಪ್ಪಿಸುವುದು ಮೇಲು. ವಸ್ತು ಎಲ್ಲರದು, ಕೊಟ್ಟ ನಂಬಿಕೆ ಮಾತ್ರ ಪಡೆದವನ ಮೇಲಿನ ಋಣ.