ಗೋಡೆಯೊಳಗಿನ ತುಕ್ಕು: ಬಸವನಗುಡಿಯ ಹಳೆ ಮನೆಯಲ್ಲೊಂದು ಸುತ್ತು

ಗಾಂಧಿ ಬಜಾರಿನ ಗದ್ದಲ ದಾಟಿ ಒಳರಸ್ತೆಗೆ ತಿರುಗಿದರೆ ಮಂಕಿ ಟಾಪ್ ಕಿಟಕಿಯ, ಮದ್ರಾಸ್ ಟೆರೇಸಿನ ಮನೆಗಳು ಇನ್ನೂ ಅಲ್ಲಲ್ಲಿ ಸಿಗುತ್ತವೆ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ದಟ್ಟಣೆ ತಗ್ಗಿಸಲು ಮಲ್ಲೇಶ್ವರದ ಜೊತೆ ಹುಟ್ಟಿದ ಬಡಾವಣೆ ಬಸವನಗುಡಿ. ಬೆಂಗಳೂರಿಗೆ ಮೊದಲು ಹೆಸರಘಟ್ಟದ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ. ನೀರಿನ ಮೂಲ ಬದಲಾಗುತ್ತ ಬಂದರೂ ಎಷ್ಟೋ ಮನೆಗಳ ಗೋಡೆಯೊಳಗಿನ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಮಾತ್ರ ಹಳೆಯದೇ.

ನಾನು ಹೋದದ್ದು ಐವತ್ತರ ದಶಕದ ಒಂದು ಮನೆಗೆ. ಬೆಳಿಗ್ಗೆ ಅಡುಗೆಮನೆಯ ನಲ್ಲಿ ತಿರುಗಿಸಿದರೆ ಮೊದಲ ಅರ್ಧ ಬಕೆಟ್ ಕೆಮ್ಮಣ್ಣು ಕದಡಿದ ಹಾಗೆ ಬರುತ್ತದೆ. ಮಹಡಿಯ ಬಚ್ಚಲಲ್ಲಿ ನೂಲಿನಷ್ಟೇ ಧಾರೆ. "ಎಷ್ಟು ಸಲ ರಿಪೇರಿ ಮಾಡಿಸಿದೆನೋ ಕಣಪ್ಪಾ, ಒಂದು ಕಡೆ ನಿಂತರೆ ಇನ್ನೊಂದು ಕಡೆ ಸೋರತ್ತೆ" ಎಂದರು ಮನೆಯೊಡತಿ.

ಪ್ಲಂಬರ್ ಮೊದಲು ಮೀಟರು, ಸಂಪು ನೋಡಿ ಹಿತ್ತಲ ಗೋಡೆಯ ಬಳಿ ಬಂದರು. ಯೂನಿಯನ್ ಬಿಚ್ಚಿ, ಒಂದು ಎಲ್ಬೋ ಕಳಚಿ ಅಂಗೈ ಮೇಲಿಟ್ಟರು. ಹೊರಗೆ ಬಣ್ಣ ಬಳಿದು ಗಟ್ಟಿಮುಟ್ಟಾಗಿ ಕಾಣುತ್ತಿದ್ದ ತುಂಡು. ಒಳಗೆ ಕಂದು ಗಂಟುಗಳು, ಅವುಗಳ ಮೇಲೆ ಬೋರ್‌ವೆಲ್ ನೀರಿನ ಸುಣ್ಣದ ಬಿಳಿ ಪದರ. ಅರ್ಧ ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟೂ ಜಾಗ ಇರಲಿಲ್ಲ. "ಇದರಲ್ಲಿ ನೀರು ಹ್ಯಾಗೆ ಬರತ್ತೆ ಹೇಳಿ ಅಮ್ಮಾ?"

ಕಬ್ಬಿಣವನ್ನು ತುಕ್ಕಿನಿಂದ ಕಾಯುವುದು ಅದರ ಮೇಲಿನ ಸತುವಿನ ಲೇಪ. ಪೈಪನ್ನು ಅಳತೆಗೆ ಕತ್ತರಿಸಿ ಥ್ರೆಡ್ ಹೊಡೆದ ಕಡೆ ಆ ಲೇಪ ಹೋಗುತ್ತದೆ, ಲೋಹವೂ ತೆಳುವಾಗುತ್ತದೆ. ಸೋರಿಕೆ ಸಾಮಾನ್ಯವಾಗಿ ಜಾಯಿಂಟಿನಲ್ಲೇ ಶುರುವಾಗುವುದು ಇದಕ್ಕೇ. ಹಿತ್ತಾಳೆ ವಾಲ್ವು ನೇರವಾಗಿ ಜಿಐಗೆ ಕೂತಿದ್ದರೆ ಅಲ್ಲಿ ಕಬ್ಬಿಣ ಇನ್ನೂ ಬೇಗ ಸವೆಯುತ್ತದೆ. ನೀರು ದಿನ ಬಿಟ್ಟು ದಿನ ಬರುವ ಬೀದಿಗಳಲ್ಲಿ ಇನ್ನೊಂದು ಅಪಾಯವಿದೆ: ಖಾಲಿಯಾದ ಪೈಪಿಗೆ ಗಾಳಿ ನುಗ್ಗಿ ತುಕ್ಕು ಹೆಚ್ಚುತ್ತದೆ, ಮಣ್ಣೊಳಗಿನ ಬಿರುಕಿನಿಂದ ಚರಂಡಿಯ ಕೊಳೆಯೂ ಒಳಕ್ಕೆ ಸೇರಬಹುದು.

ತುಂಡು ತುಂಡಾಗಿ ರಿಪೇರಿ ಮಾಡಿಸುವುದು ಏಕೆ ಕೈಗೂಡುವುದಿಲ್ಲ ಎಂಬುದೂ ಅಲ್ಲೇ ಕಂಡಿತು. ಒಂದು ಜಾಯಿಂಟಿಗೆ ರೆಂಚ್ ಹಾಕಿ ತಿರುಗಿಸಿದ್ದೇ ತಡ, ಅದೇ ಸಾಲಿನ ಮುಂದಿನ ಟೀ ಜಾಯಿಂಟ್ ಜಿನುಗತೊಡಗಿತು.

ಹಾಗಂತ ಗೋಡೆ ಒಡೆಯುವುದೇ? ಒಳಗೆ ಬಂದರೆ ಕನ್ನಡಿಯಂತೆ ಹೊಳೆಯುವ ರೆಡ್ ಆಕ್ಸೈಡ್ ನೆಲ. ಒಮ್ಮೆ ಅಗೆದರೆ ಆ ಬಣ್ಣ, ಆ ನುಣುಪು ಮತ್ತೆ ಕೂಡುವುದಿಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆಗೆ ಉದ್ದಕ್ಕೂ ಉಳಿ ಹೊಡೆದರೆ ಗೋಡೆಯೇ ಸಡಿಲವಾಗುತ್ತದೆ. ಹಾಗಾಗಿ ಇಲ್ಲಿ ಹಳೆ ಪೈಪನ್ನು ಗೋಡೆಯಲ್ಲೇ ಬಿಟ್ಟು ಬಾಯಿ ಮುಚ್ಚುವುದು, ಹೊಸ ಲೈನನ್ನು ಹಿತ್ತಲ ಗೋಡೆಯ ಹೊರಮೈ ಮೇಲೆ ಕ್ಲಾಂಪ್ ಹಾಕಿ ಎಳೆದು, ಬೇಕಾದ ಕಡೆಯಷ್ಟೇ ತೂತು ಕೊರೆದು ಒಳಗೆ ತರುವುದು ಎಂದು ನಿರ್ಧಾರವಾಯಿತು.

ಬಿಸಿನೀರಿಗೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು. ಅದು 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ, ಬಿಳಿಯ ಯುಪಿವಿಸಿ ತಣ್ಣೀರಿಗೆ ಮಾತ್ರ. ಬಿಸಿಲು ಬೀಳುವ ಕಡೆ ಪೈಪಿಗೆ ಬಣ್ಣ ಬಳಿಯಲೇಬೇಕು. ಪ್ರತಿ ಬಚ್ಚಲಿಗೂ ಅಡುಗೆಮನೆಗೂ ಬೇರೆ ಬೇರೆ ಬಾಲ್ ವಾಲ್ವ್ ಇಟ್ಟರೆ ಮುಂದೆ ಒಂದು ನಲ್ಲಿಗಾಗಿ ಇಡೀ ಮನೆಯ ನೀರು ನಿಲ್ಲಿಸಬೇಕಿಲ್ಲ.

ಬಚ್ಚಲಲ್ಲಿ ಹಳೆ ಪೈಪಿಗೆ ಸುತ್ತಿದ್ದ ಒಂದು ತಾಮ್ರದ ತಂತಿ ಕಂಡಿತು. ಅದು ಮನೆಯ ಅರ್ಥಿಂಗ್! ಹಿಂದೆ ಎಷ್ಟೋ ಮನೆಗಳಲ್ಲಿ ನೀರಿನ ಪೈಪಿಗೇ ಅರ್ಥ್ ಕೊಡುತ್ತಿದ್ದರು. ಪ್ಲಾಸ್ಟಿಕ್ ಪೈಪು ಬಂದ ದಿನ ಆ ರಕ್ಷಣೆ ಹೋಗುತ್ತದೆ, ಗೀಸರ್ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಪ್ಲಂಬರ್ ಕೆಲಸ ನಿಲ್ಲಿಸಿ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಅರ್ಥ್ ಪಿಟ್ ಮಾಡಿಸಿ ಎಂದರು. ಆ ದಿನ ನಾನು ಕೇಳಿದ ಅತ್ಯಂತ ಮುಖ್ಯ ಮಾತು ಅದು.

ನಿಮ್ಮದೂ ಹಳೆ ಮನೆಯಾಗಿದ್ದರೆ ಬಣ್ಣ ಹೊಡೆಸುವ ಮೊದಲೇ ಒಂದು ಜಾಯಿಂಟ್ ಬಿಚ್ಚಿಸಿ ಒಳಗೆ ನೋಡಿ. ಪೈಪು ಕಟ್ಟಿಕೊಂಡಿದ್ದರೆ ತೇಪೆಗೆ ದುಡ್ಡು ಸುರಿಯದೆ ಇಡೀ ಲೈನನ್ನೇ ಬದಲಿಸಿ. ತೂತುಗಳಿಗೆ ಗಾರೆ ಮೆತ್ತುವ ಮುನ್ನ ಪ್ರೆಶರ್ ಟೆಸ್ಟ್ ಮಾಡಿಸಿ, ಗೇಜಿನ ಮುಳ್ಳು ಇಳಿಯದಿರುವುದನ್ನು ನಿಂತು ನೋಡಿ. ಹೊಸ ಲೈನಿನ ಫೋಟೋ ತೆಗೆದು ಮನೆ ಪತ್ರಗಳ ಜೊತೆ ಇಡಿ. ಅರ್ಥಿಂಗ್ ಪರೀಕ್ಷೆ ಆಗುವವರೆಗೆ ಗೀಸರ್ ಸ್ವಿಚ್ ಹಾಕಬೇಡಿ.