ಅಪೀಲಿನ ತಾರೀಕು ಯಾವತ್ತು?

ಬೈಯಪ್ಪನಹಳ್ಳಿಯ ಅಕ್ಕ ಒಬ್ಬರ ಮನೆ ಜಾಗದ ಕೇಸು ಹೈಕೋರ್ಟಿಗೆ ಅಪೀಲು ಹೋಗಿದೆ ಅನ್ನಿ. ವಾದ ಯಾವತ್ತು? ವಕೀಲರು ‘ಕಾಸ್ ಲಿಸ್ಟ್’ ನೋಡುತ್ತಾರೆ. ಇದು ಕಾಸಿನ ಲೆಕ್ಕವಲ್ಲ. ಆ ದಿನ ನಡೆಯುವ ಕೇಸುಗಳ ಪಟ್ಟಿ. ಅದರಲ್ಲಿ ಕೇಸಿನ ನಂಬರು, ಕೋರ್ಟ್ ಹಾಲಿನ ನಂಬರು, ಸರದಿ ನಂಬರು ಇರುತ್ತವೆ. ಯಾವ ಹಾಲಿನಲ್ಲಿ ಎಷ್ಟನೇ ಸರದಿ ನಡೀತಿದೆ ಅಂತ ಬೋರ್ಡು ತೋರಿಸುತ್ತದೆ.

ಕೇಸು ಕೂಗಿದಾಗ ನಮ್ಮ ಕಡೆಯವರು ಯಾರೂ ಇಲ್ಲದಿದ್ದರೆ ಅಪೀಲು ವಜಾ ಆಗಬಹುದು. ಅದಕ್ಕೇ ಅಕ್ಕಾ, ಕೇಸಿನ ನಂಬರು ಬರೆದಿಟ್ಟುಕೊಳ್ಳಿ. ಹೈಕೋರ್ಟಿನ ಪಟ್ಟಿ ಮೊಬೈಲಿನಲ್ಲೂ ಸಿಗುತ್ತದೆ. ನಿಮ್ಮ ನಂಬರು ಹುಡುಕಿ.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? 1987ರ ಕಾನೂನಿನಂತೆ ಹೆಂಗಸರಿಗೆ ಉಚಿತ ಕಾನೂನು ನೆರವು ಉಂಟು. 15100ಕ್ಕೆ ಫೋನ್ ಮಾಡಿ ಕೇಳಿ.